ಪ್ರೌಢಶಾಲಾ ವಿದ್ಯೆಯ ಕಾಲಸಮಾಪ್ತಿಯೂ ಪ್ರಾಂತಭೇದವೂ

ವಿದ್ಯೆಗೆ ಕಾಲನಿಯಮವುಂಟೇ ಎಂಬ ಪ್ರಶ್ನೆಯು ಹೊಸದಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯದ ಆದಿಯಲ್ಲಿ ವೇದಾಧ್ಯಯನಕ್ಕೆ 36 ವರ್ಷ, ಅದರ ಅರ್ಧ, ಅಥವಾ ಪಾದಭಾಗವೆಂದು ವಿಧಿಸಿ, ಕಡೆಗೆ ಗ್ರಹಣವಾಗುವವರೆಗೆ ಎಂಬ ವಿಕಲ್ಪವನ್ನೂ ಹೇಳಿದೆ. ಈ ಲೇಖಕನು ಓದಿದ ಪಾಠಶಾಲೆಗಳಲ್ಲಿಯೂ ಗ್ರಂಥವು ಮುಗಿದಾಗ ಪಾಠವು ಮುಗಿಯುತ್ತಿತ್ತೇ ಹೊರತು ಪಂಚಾಂಗವು ಮುಗಿದಾಗಲ್ಲ. ಪ್ರೌಢಶಾಲೆಯ ಕ್ರಮವು ಬೇರೆ. ಅಲ್ಲಿ ಹತ್ತನೆಯ ತರಗತಿಯನ್ನು ಸಹಪಾಠಿಗಳೊಡನೆ ದಾಟದವನು ಹಿಂದುಳಿದವನೆನಿಸುತ್ತಾನೆ. ಆ ಹಿಂದುಳಿಯುವಿಕೆಯು ನಾಡಿನಲ್ಲೆಲ್ಲ ಸಮಾನವಾಗಿಲ್ಲ. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆ ಒಂದರಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91.12 ಮಂದಿಯೂ ಕಲಬುರಗಿಯಲ್ಲಿ 42.43 ಮಂದಿಯೂ ತೇರ್ಗಡೆ ಹೊಂದಿದರು. ಈ ಭೇದಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಅಂಕಿಗಳ ಪ್ರಾಮಾಣ್ಯವನ್ನು ನೋಡಬೇಕು. ಇವು ಪರೀಕ್ಷೆಗೆ ಕುಳಿತವರ ಲೆಕ್ಕ. ನಡುವೆ ಶಾಲೆ ಬಿಟ್ಟವರು ಇದರಲ್ಲಿ ಸೇರಿಲ್ಲ. 1929ರಲ್ಲಿ ಹಾರ್ಟಾಗ್ ಸಮಿತಿಯು ಓದನ್ನು ನಡುವೆ ಬಿಡುವುದನ್ನೂ ಒಂದೇ ತರಗತಿಯಲ್ಲಿ ನಿಲ್ಲುವುದನ್ನೂ ಬೇರೆ ಬೇರೆ ದೋಷಗಳೆಂದು ಎಣಿಸಿತು. ನಾವೂ ಹಾಗೆಯೇ ಎಣಿಸತಕ್ಕದ್ದು. ಮೇಲಾಗಿ 2009ರ ಶಿಕ್ಷಣ ಹಕ್ಕಿನ ಶಾಸನವು ಎಂಟನೆಯ ತರಗತಿಯವರೆಗೆ ಮಕ್ಕಳನ್ನು ತಡೆಯಬಾರದೆಂದು ವಿಧಿಸಿತು. ಹಿಂದೆ ಎಲ್ಲ ತರಗತಿಗಳಲ್ಲಿ ಹಂಚಿಹೋಗಿದ್ದ ನಿಲುಗಡೆಯು ಇದರಿಂದ ಕಡೆಯ ಮೆಟ್ಟಿಲಿನಲ್ಲಿ ಬಂದು ಸೇರಿತು.

ಇನ್ನು ಚರಿತ್ರೆಗೆ ಬರೋಣ. 1956ನೆಯ ನವೆಂಬರ್ 1ರಂದು ಒಂದಾದ ಈ ನಾಡು ಅದಕ್ಕೆ ಮುಂಚೆ ಹಲವು ಪ್ರಭುತ್ವಗಳ ಕೆಳಗಿತ್ತಷ್ಟೆ. ಮಂಗಳೂರಿಗೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದು ಬೇಗನೆ ಶಾಲೆಗಳನ್ನು ತೆರೆದರು. 1880ರಲ್ಲಿ ಅಲ್ಲಿ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯು ಹುಟ್ಟಿತು. ಮೈಸೂರು ಸೀಮೆಯಲ್ಲಿ 1868ರಿಂದ ಹೋಬಳಿ ಶಾಲೆಗಳು ಏರ್ಪಟ್ಟವು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ, ಕಡ್ಡಾಯ ಶಿಕ್ಷಣದ ಕಾನೂನು ಬಂದಿತು. ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದರೂ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಬೆಳೆಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ, ಕಲಬುರಗಿ, ರಾಯಚೂರುಗಳ ಸ್ಥಿತಿಯಾದರೋ ಭಿನ್ನವಾಗಿತ್ತು. ಅಲ್ಲಿ ಪ್ರೌಢವಿದ್ಯೆಯ ಬಾಗಿಲಲ್ಲಿ ನಿಂತಿದ್ದುದು ಉರ್ದು ಭಾಷೆ. 1907ರಲ್ಲಿ ಕಲಬುರಗಿಯಲ್ಲಿ ಆರಂಭವಾದ ನೂತನ ವಿದ್ಯಾಲಯದಂತಹ ಖಾಸಗಿ ಪ್ರಯತ್ನಗಳು ಕನ್ನಡದ ಮಕ್ಕಳಿಗೆ ವಿರಳವಾದ ಆಶ್ರಯಗಳಾಗಿದ್ದವು.

ಇಲ್ಲಿ ಒಂದು ಶಂಕೆ. ಉರ್ದು ಮಾಧ್ಯಮವು ಹೋಗಿ ಎಷ್ಟೋ ಕಾಲವಾಯಿತು. ಕಾರಣವು ನಾಶವಾದ ಮೇಲೆಯೂ ಕಾರ್ಯವು ನಿಲ್ಲುವುದೆಂತು? ಇದಕ್ಕೆ ಸಮಾಧಾನ: ಕುಂಬಾರನು ಕೋಲನ್ನು ತೆಗೆದ ಮೇಲೆಯೂ ಚಕ್ರವು ತಿರುಗುವಂತೆ ವಿದ್ಯಾಭಾವವೂ ತಲೆಮಾರುಗಳವರೆಗೆ ನಡೆಯುತ್ತದೆ. ಇಂದಿನ ಉಪಾಧ್ಯಾಯನು ನಿನ್ನೆಯ ವಿದ್ಯಾರ್ಥಿಯೇ ಅಲ್ಲವೆ? ನಿನ್ನೆ ವಿದ್ಯಾರ್ಥಿಗಳು ವಿರಳರಾಗಿದ್ದಲ್ಲಿ ಇಂದು ಉಪಾಧ್ಯಾಯರೂ, ಮನೆಯಲ್ಲಿ ಪಾಠ ನೋಡಬಲ್ಲ ತಾಯಿಯೂ ವಿರಳ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ನೂರಕ್ಕೆ 88.57, ಹಿಂದೆ ಕಲಬುರಗಿಯ ಭಾಗವಾಗಿದ್ದ ಯಾದಗಿರಿಯದು 51.83. 2002ರ ನಂಜುಂಡಪ್ಪ ಸಮಿತಿಯು ಹಿಂದುಳಿದ 114 ತಾಲ್ಲೂಕುಗಳನ್ನು ಗುರುತಿಸಿದುದೂ, ಸಂವಿಧಾನಕ್ಕೆ 371ಜೆ ವಿಧಿಯು ಸೇರಿದುದೂ ಈ ಋಣದ ಅಂಗೀಕಾರವೇ ಆಗಿವೆ.

ಮತ್ತೊಂದು ಶಂಕೆ. 2023ರಲ್ಲಿ ಚಿತ್ರದುರ್ಗವು 96.80ರಿಂದ ಮೊದಲ ಸ್ಥಾನ ಪಡೆಯಿತು. ಕಡೆಯದಾದ ಯಾದಗಿರಿಯೂ 75.49ನ್ನು ಮುಟ್ಟಿತು. ಆದಕಾರಣ ಭೇದವು ಅಳಿದಂತಾಯಿತಲ್ಲವೆ ಎಂದರೆ, ಆಗಲಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಕಾವಲು ಬಿಗಿಯಾಯಿತು. ಕೃಪಾಂಕಗಳನ್ನು ಹೆಚ್ಚಿಸಿದರೂ ರಾಜ್ಯದ ಫಲವು 83.89ರಿಂದ 73.40ಕ್ಕೆ ಇಳಿಯಿತು, ಯಾದಗಿರಿಯು 50.59ಕ್ಕೆ ಬಂದಿತು, ಉಡುಪಿಯು 94ರಲ್ಲಿ ನಿಂತಿತು. ಒಂದು ವರ್ಷದ ಪಟ್ಟಿಯಿಂದ ಒಂದು ಜಿಲ್ಲೆಯ ವಿದ್ಯೆಯನ್ನು ತೂಗುವುದು ಯುಕ್ತವಲ್ಲವೆಂದು ಇದರಿಂದ ಸಿದ್ಧವಾಯಿತು.

ಪ್ರಾಂತವೆಂದರೆ ಬರಿಯ ನೆಲವೂ ಅಲ್ಲ. ಈ ಲೇಖಕನ ವಾಸಸ್ಥಳವಾದ ರಾಜಾನುಕುಂಟೆಯನ್ನು ನೋಡಿರಿ. ಕುಂಟೆಯೆಂದರೆ ಚಿಕ್ಕ ಕೆರೆ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹಾದಿಯ ಈ ಹಳ್ಳಿಯನ್ನು ಬೆಂಗಳೂರು ಈಗ ಬಂದು ಸೇರಿದೆ. ಕಟ್ಟಡದ ಕೆಲಸವನ್ನು ಅರಸಿ ರಾಯಚೂರು, ಯಾದಗಿರಿ ಕಡೆಗಳಿಂದ ಸಂಸಾರಗಳು ನಗರದ ಈ ಅಂಚುಗಳಿಗೆ ಬರುತ್ತವೆ. ಕೆಲಸ ಮುಗಿದರೆ ಬಿಡಾರವು ಏಳುತ್ತದೆ. ಮಗುವಿನ ಶಾಲೆಯೂ ಬದಲಾಗುತ್ತದೆ. ವರ್ಷದ ನಡುವೆ ಬಂದು ವರ್ಷದ ನಡುವೆಯೇ ಹೊರಡುವ ಬಾಲಕನಿಗೆ ಕಾಲಸಮಾಪ್ತಿಯೆಂಬುದು ಹೇಗೆ ಸಾಧ್ಯವಾದೀತು? ಅವನು ಸೋತರೆ ಯಾವ ಜಿಲ್ಲೆಯ ಸೋಲೆಂದು ಬರೆಯಬೇಕು?

ಆದುದರಿಂದ ಸಿದ್ಧಾಂತವಿದು: ವಿಳಂಬಕ್ಕೆ ಪ್ರಾಂತದ ಬುದ್ಧಿಯು ಕಾರಣವಲ್ಲ. ತಡವಾಗಿ ಬಂದ ಶಾಲೆ, ಪರಭಾಷೆಯ ಬೋಧನೆ, ಉಪಾಧ್ಯಾಯರ ಕೊರತೆ, ತಾಯಿತಂದೆಗಳ ಅನಕ್ಷರತೆ, ಗುಳೆ ಇವು ಕಾರಣಗಳು. ಇವುಗಳಲ್ಲಿ ಮೊದಲೆರಡು ಕಳೆದುಹೋದವು. ಉಳಿದ ಮೂರು ನಮ್ಮ ಕೈಯೊಳಗಿವೆ. 2023-24ರಲ್ಲಿ ಆರಂಭವಾದ ವರ್ಷಕ್ಕೆ ಮೂರು ಪರೀಕ್ಷೆಗಳ ಏರ್ಪಾಡಿನಲ್ಲಿ ಗ್ರಹಣವಾಗುವವರೆಗೆ ಎಂಬ ಆ ಪ್ರಾಚೀನ ವಿಕಲ್ಪದ ಛಾಯೆಯು ಕಂಡಿತು. ಆದರೆ ಪರೀಕ್ಷೆಯನ್ನು ಮೂರು ಬಾರಿ ಕೊಟ್ಟರೆ ಸಾಲದು. ಪಾಠವನ್ನೂ ಮತ್ತೊಮ್ಮೆ ಹೇಳಬೇಕು. ಉಪಾಧ್ಯಾಯವರ್ಗದವರು ಇದನ್ನು ವಿಚಾರಿಸುವರೆಂದು ನಂಬಿ ವಿರಮಿಸುತ್ತೇನೆ.