ಫೈಲ್ ಡಿಸ್ಕ್ರಿಪ್ಟರ್‌ಗಳ ಮೇಲಿನ ನಿಗಾ: ಸೆಲೆಕ್ಟ್‌ನಿಂದ ಐಒ-ಯುರಿಂಗ್‌ವರೆಗೆ

ಯುನಿಕ್ಸ್‌ನಲ್ಲಿ ತೆರೆದ ಕಡತ, ಪೈಪ್, ಟರ್ಮಿನಲ್, ನೆಟ್‌ವರ್ಕ್ ಸಾಕೆಟ್ ಎಲ್ಲವನ್ನೂ ಪ್ರೋಗ್ರಾಮ್ ಒಂದು ಸಣ್ಣ ಪೂರ್ಣಾಂಕದಿಂದ ಗುರುತಿಸುತ್ತದೆ. ಅದೇ ಫೈಲ್ ಡಿಸ್ಕ್ರಿಪ್ಟರ್. ಪೈಪ್‌ನಿಂದಲೋ ಸಾಕೆಟ್‌ನಿಂದಲೋ ಓದಲು ಹೊರಟ ಪ್ರೋಗ್ರಾಮ್, ದತ್ತಾಂಶ ಬರುವ ತನಕ ಅಲ್ಲೇ ತಡೆದು ನಿಲ್ಲುವುದು ಮೂಲ ನಿಯಮ. ಕಾಯಬೇಕಾದ ಮೂಲ ಒಂದೇ ಆದರೆ ತೊಂದರೆಯಿಲ್ಲ. ಸಾವಿರ ಮೂಲಗಳಿದ್ದರೆ ಯಾವುದರ ಮುಂದೆ ನಿಲ್ಲಬೇಕು? ಈ ಪ್ರಶ್ನೆಗೆ ನಾಲ್ಕು ದಶಕಗಳಲ್ಲಿ ಸಿಕ್ಕ ಉತ್ತರಗಳನ್ನು ವೇಗ ಹೆಚ್ಚಿದ ಕಥೆಯಾಗಿ ಹೇಳುವುದು ವಾಡಿಕೆ. ವೇಗ ಹೆಚ್ಚಿದ್ದು ನಿಜ. ಆದರೆ ಅದರ ಬೇರು ಇನ್ನೊಂದು ಪ್ರಶ್ನೆಯಲ್ಲಿದೆ. ಕಣ್ಣಿಡಬೇಕಾದ ಡಿಸ್ಕ್ರಿಪ್ಟರ್‌ಗಳ ಪಟ್ಟಿಯನ್ನು ನೆನಪಿಟ್ಟುಕೊಳ್ಳಬೇಕಾದವರು ಯಾರು, ಪ್ರೋಗ್ರಾಮೋ ಕರ್ನಲೋ? ಈ ಲೇಖನ ಚರಿತ್ರೆಯನ್ನು ಆ ದಿಕ್ಕಿನಿಂದ ಓದುತ್ತದೆ.

ಎರಡು ಪ್ರೊಸೆಸ್‌ಗಳ ಕಾಲ

1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ‘ಸಿಯು’ ಎಂಬ ಆಜ್ಞೆ ಇತ್ತು. ದೂರದ ಇನ್ನೊಂದು ಗಣಕಕ್ಕೆ ಕರೆಮಾಡಿ ಸಂಪರ್ಕ ಬೆಳೆಸುವುದು ಅದರ ಕೆಲಸ. ಅದು ಎರಡು ಪ್ರೊಸೆಸ್‌ಗಳಾಗಿ ಒಡೆದು ಓಡುತ್ತಿತ್ತು: ಒಂದು ಕೀಲಿಮಣೆಯಿಂದ ಓದಿ ಆಚೆಗೆ ಕಳುಹಿಸುತ್ತಿತ್ತು, ಇನ್ನೊಂದು ಆಚೆಯಿಂದ ಬಂದದ್ದನ್ನು ಪರದೆಗೆ ಬರೆಯುತ್ತಿತ್ತು. ಒಂದೇ ಪ್ರೊಸೆಸ್ ಎರಡೂ ಕಡೆ ಒಟ್ಟಿಗೆ ಕಾಯಲು ದಾರಿ ಇರಲಿಲ್ಲ. ಎರಡು ಮೂಲಗಳಿಗೆ ಈ ಉಪಾಯ ಸಾಕಿತ್ತು. ಹತ್ತಾರು ಸಂಪರ್ಕಗಳಿಗೆ ಹತ್ತಾರು ಪ್ರೊಸೆಸ್‌ಗಳನ್ನು ಹುಟ್ಟಿಸುವುದು ಆ ಕಾಲದ ಯಂತ್ರಗಳಿಗೆ ದೊಡ್ಡ ಹೊರೆಯಾಗುತ್ತಿತ್ತು.

ಸೆಲೆಕ್ಟ್ ಮತ್ತು ಪೋಲ್

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಿಂದ 1983ರಲ್ಲಿ ಹೊರಬಂದ 4.2 ಬಿಎಸ್‌ಡಿ, ಸಾಕೆಟ್‌ಗಳ ಜತೆಗೇ ‘ಸೆಲೆಕ್ಟ್’ ಎಂಬ ಸಿಸ್ಟಮ್ ಕಾಲನ್ನೂ ತಂದಿತು. ಓದಲು, ಬರೆಯಲು ಮತ್ತು ವಿಶೇಷ ಸ್ಥಿತಿಗಳಿಗಾಗಿ ಮೂರು ಬಿಟ್ ಗುಂಪುಗಳನ್ನು ಪ್ರೋಗ್ರಾಮ್ ಒಪ್ಪಿಸುತ್ತದೆ. ಎಷ್ಟು ಹೊತ್ತು ಕಾಯಬೇಕೆಂಬ ಮಿತಿಯನ್ನೂ ಹೇಳಬಹುದು. ಕರ್ನಲ್ ಉತ್ತರವನ್ನು ಅವೇ ಗುಂಪುಗಳ ಮೇಲೆ ಬರೆದುಬಿಡುವುದರಿಂದ, ಮುಂದಿನ ಕರೆಗೆ ಮೊದಲು ಅವನ್ನು ಮತ್ತೆ ತುಂಬಬೇಕು.

ಈ ವಿನ್ಯಾಸದ ಇಕ್ಕಟ್ಟನ್ನು ಹತ್ತಿರದಿಂದ ನೋಡಬೇಕು. ಲಿನಕ್ಸ್‌ನ ಗ್ಲಿಬ್‌ಸಿಯಲ್ಲಿ ಒಂದು ಗುಂಪಿನ ಗಾತ್ರ 1024 ಬಿಟ್, ಅಂದರೆ 128 ಬೈಟ್. ಇಲ್ಲಿ ಲೆಕ್ಕಕ್ಕೆ ಬರುವುದು ಡಿಸ್ಕ್ರಿಪ್ಟರ್‌ನ ಕ್ರಮಸಂಖ್ಯೆ. ಕಣ್ಣಿಡಬೇಕಾದವು ಮೂರೇ ಆಗಿದ್ದರೂ, ಅವುಗಳಲ್ಲೊಂದರ ಸಂಖ್ಯೆ 1500 ಆಗಿದ್ದರೆ ಆ ಬಿಟ್ ಗುಂಪಿನ ಹೊರಗೆ ಬೀಳುತ್ತದೆ, ಪಕ್ಕದ ಮೆಮೊರಿ ಕೆಡುತ್ತದೆ.

ಸಿಸ್ಟಮ್ ಫೈವ್‌ನ ಮೂರನೆಯ ಬಿಡುಗಡೆಯಲ್ಲಿ ಬಂದ ‘ಪೋಲ್’ ಈ ಮಿತಿಯನ್ನು ಕಳಚಿತು. ಪ್ರತಿ ಡಿಸ್ಕ್ರಿಪ್ಟರ್‌ಗೂ ಅದರ ಸಂಖ್ಯೆ, ಬೇಕಾದ ಘಟನೆಗಳು, ನಡೆದ ಘಟನೆಗಳು ಎಂಬ ಮೂರು ಅಂಕಣಗಳ ಒಂದೊಂದು ದಾಖಲೆ. ಕೇಳಿದ್ದೂ ಉತ್ತರವೂ ಬೇರೆ ಬೇರೆ ಅಂಕಣಗಳಲ್ಲಿರುವುದರಿಂದ ಪಟ್ಟಿಯನ್ನು ಮತ್ತೆ ಕಟ್ಟಬೇಕಾಗಿಲ್ಲ. ಆದರೂ ಕರ್ನಲ್‌ಗೆ ಏನೂ ನೆನಪಿರುವುದಿಲ್ಲ. ಮೇಷ್ಟ್ರು ಪ್ರತಿ ಪಿರಿಯಡ್‌ಗೂ ಇಡೀ ತರಗತಿಯ ಹಾಜರಿ ಕೂಗಿದಂತೆ, ಪ್ರತಿ ಕರೆಯಲ್ಲೂ ಇಡೀ ಪಟ್ಟಿಯನ್ನು ಮೊದಲಿನಿಂದ ಪರಿಶೀಲಿಸಬೇಕು.

ಹತ್ತು ಸಾವಿರದ ಸವಾಲು

ವೆಬ್ ಬೆಳೆದಂತೆ ಈ ಮರೆವು ದುಬಾರಿಯಾಯಿತು. ಪೋಲ್‌ನ ಒಂದು ದಾಖಲೆ 8 ಬೈಟ್. 10,000 ಸಂಪರ್ಕಗಳಿದ್ದರೆ ಪ್ರತಿ ಕರೆಗೂ 80,000 ಬೈಟ್‌ಗಳು ಕರ್ನಲ್‌ಗೆ ಹೋಗಬೇಕು. ಅಷ್ಟರಲ್ಲಿ ಐದೋ ಹತ್ತೋ ಮಾತ್ರ ಸಿದ್ಧವಾಗಿದ್ದರೂ ಎಲ್ಲವನ್ನೂ ತಡವಲೇಬೇಕು. ಡ್ಯಾನ್ ಕೆಗೆಲ್ 1999ರಲ್ಲಿ ಇದಕ್ಕೆ ‘ಸಿ10ಕೆ’ ಎಂಬ ಹೆಸರನ್ನು ಚಾಲ್ತಿಗೆ ತಂದರು: ಒಂದೇ ಸರ್ವರ್ ಹತ್ತು ಸಾವಿರ ಗ್ರಾಹಕರನ್ನು ಏಕಕಾಲಕ್ಕೆ ನಿಭಾಯಿಸುವುದು ಹೇಗೆ?

ಅದೇ ವರ್ಷ ಗೌರವ್ ಬಂಗಾ, ಜೆಫ್ರಿ ಮೊಗಲ್ ಮತ್ತು ಪೀಟರ್ ಡ್ರುಶೆಲ್ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಈ ಚರಿತ್ರೆಯ ತಿರುವು ಎಂದು ನಾನು ಭಾವಿಸುತ್ತೇನೆ. ಆಸಕ್ತಿಯನ್ನು ಒಮ್ಮೆ ಘೋಷಿಸುವ ಕೆಲಸವನ್ನೂ ಘಟನೆಗಳನ್ನು ಪಡೆಯುವ ಕೆಲಸವನ್ನೂ ಅವರು ಎರಡು ಕರೆಗಳಾಗಿ ಬೇರ್ಪಡಿಸಿದರು. ಪಟ್ಟಿಯ ನೆನಪು ಕರ್ನಲ್‌ನ ಹೊಣೆಯಾಯಿತು.

ಕೆ-ಕ್ಯೂ ಮತ್ತು ಈಪೋಲ್

ಜೊನಾಥನ್ ಲೆಮನ್ ರೂಪಿಸಿದ ‘ಕೆ-ಕ್ಯೂ’ 2000ದಲ್ಲಿ ಫ್ರೀಬಿಎಸ್‌ಡಿ 4.1ರೊಂದಿಗೆ ಬಂತು. ಸಾಕೆಟ್‌ಗಳಷ್ಟೇ ಅಲ್ಲದೆ ಕಡತಗಳ ಬದಲಾವಣೆ, ಪ್ರೊಸೆಸ್‌ಗಳ ಆಗುಹೋಗು, ಸಿಗ್ನಲ್‌ಗಳು ಕೂಡ ಅದರಲ್ಲಿ ಒಂದೇ ಸಾಲಿಗೆ ಸೇರಿದವು. ಲಿನಕ್ಸ್‌ನಲ್ಲಿ ಡೇವಿಡೆ ಲಿಬೆಂಜಿಯವರ ‘ಈಪೋಲ್’ 2002ರಲ್ಲಿ 2.5.44 ಆವೃತ್ತಿಯ ಕರ್ನಲ್ ಸೇರಿತು. ಡಿಸ್ಕ್ರಿಪ್ಟರ್ ಅನ್ನು ಒಮ್ಮೆ ನೋಂದಾಯಿಸಿದರೆ ಸಾಕು. ದತ್ತಾಂಶ ಬಂದಾಗ ಕರ್ನಲ್ ತಾನೇ ಅದನ್ನು ಸಿದ್ಧಪಟ್ಟಿಗೆ ಸೇರಿಸುತ್ತದೆ. ಕಾಯುವ ಕರೆಯ ಖರ್ಚು ಈಗ ಸಿದ್ಧವಾದವುಗಳ ಎಣಿಕೆಯನ್ನು ಅವಲಂಬಿಸುತ್ತದೆ. ಎಂಜಿನ್‌ಎಕ್ಸ್‌ನಂಥ ಸರ್ವರ್‌ಗಳು ಈ ತಳಹದಿಯ ಮೇಲೆಯೇ ನಿಂತಿವೆ.

ನೆನಪಿನ ಜತೆಗೆ ಹೊಸ ಬಗೆಯ ತಪ್ಪುಗಳೂ ಬಂದವು. ಅಂಚು-ಪ್ರಚೋದಿತ ಕ್ರಮದಲ್ಲಿ ಹೊಸದೇನಾದರೂ ಬಂದಾಗ ಮಾತ್ರ ಸೂಚನೆ ಸಿಗುತ್ತದೆ. ಇನ್ನೇನೂ ಉಳಿದಿಲ್ಲವೆಂದು ಕರ್ನಲ್ ಹೇಳುವವರೆಗೆ ಓದದಿದ್ದರೆ ಸಂಪರ್ಕ ಸುಮ್ಮನೆ ಕುಳಿತುಬಿಡಬಹುದು. ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಈಪೋಲ್‌ನ ನೋಂದಣಿ ಅಂಟಿಕೊಂಡಿರುವುದು ಡಿಸ್ಕ್ರಿಪ್ಟರ್‌ನ ಹಿಂದಿರುವ ತೆರೆದ ಕಡತದ ದಾಖಲೆಗೆ. ಡಿಸ್ಕ್ರಿಪ್ಟರ್‌ನ ನಕಲೊಂದು ಉಳಿದಿದ್ದರೆ, ಮೂಲವನ್ನು ಮುಚ್ಚಿದ ಮೇಲೂ ಅದರ ಹೆಸರಿನಲ್ಲಿ ಘಟನೆಗಳು ಬರುತ್ತಲೇ ಇರುತ್ತವೆ.

ಸಿದ್ಧತೆಯಿಂದ ಪೂರೈಕೆಗೆ

ಇದುವರೆಗಿನ ಯುನಿಕ್ಸ್ ವಿಧಾನಗಳು ಹೇಳುವುದು ‘ಈಗ ಓದಬಹುದು’ ಎಂದಷ್ಟೇ. ಡಿಸ್ಕ್‌ನಲ್ಲಿರುವ ಸಾಮಾನ್ಯ ಕಡತಗಳಿಗೆ ಈ ಮಾತು ಕೆಲಸಕ್ಕೆ ಬಾರದು: ಸೆಲೆಕ್ಟ್, ಪೋಲ್‌ಗಳ ಲೆಕ್ಕದಲ್ಲಿ ಅವು ಸದಾ ಸಿದ್ಧ, ಈಪೋಲ್ ಅವನ್ನು ಸೇರಿಸಿಕೊಳ್ಳುವುದೇ ಇಲ್ಲ. ವಿಂಡೋಸ್ ಎನ್‌ಟಿ 3.5 ತನ್ನ ಕಂಪ್ಲೀಷನ್ ಪೋರ್ಟ್‌ಗಳ ಮೂಲಕ 1994ರಲ್ಲೇ ‘ಓದಿ ಮುಗಿಸಿದ್ದೇನೆ’ ಎಂದು ಹೇಳುವ ದಾರಿ ಹಿಡಿದಿತ್ತು. ಯೆನ್ಸ್ ಆಕ್ಸ್‌ಬೋ ಅವರ ‘ಐಒ-ಯುರಿಂಗ್’ 2019ರಲ್ಲಿ ಲಿನಕ್ಸ್ 5.1ರೊಂದಿಗೆ ಬಂದು ಆ ದಾರಿಯನ್ನು ಇಲ್ಲೂ ತೆರೆಯಿತು. ಪ್ರೋಗ್ರಾಮ್ ಮತ್ತು ಕರ್ನಲ್ ಹಂಚಿಕೊಂಡ ಮೆಮೊರಿಯಲ್ಲಿ ಎರಡು ಉಂಗುರ ಸಾಲುಗಳು. ಒಂದರಲ್ಲಿ ಕೋರಿಕೆ, ಇನ್ನೊಂದರಲ್ಲಿ ಫಲ. ಈಗ ಪಟ್ಟಿಯ ಜತೆ ಕೆಲಸವೂ ಕರ್ನಲ್‌ನ ಪಾಲಾಯಿತು. ಅದು ಮುಗಿಯುವವರೆಗೆ ಬಫರ್ ಅನ್ನು ಕಾಪಾಡುವ ಹೊಣೆ ಪ್ರೋಗ್ರಾಮ್‌ನದು.

ಉಪಸಂಹಾರ

ಪ್ರತಿ ಹಂತದಲ್ಲೂ ನೆನಪು ಕೈ ಬದಲಾಯಿಸಿದೆ. ಜತೆಗೆ ತಪ್ಪಿನ ಜಾಗವೂ ಬದಲಾಗಿದೆ. ಪೋಲ್ ಪ್ರತಿ ಸಲವೂ ಹೊಸದಾಗಿ ಕೇಳುವುದರಿಂದ ಅದರಲ್ಲಿ ಹಳೆಯ ನೋಂದಣಿಯ ಪಳೆಯುಳಿಕೆಗೆ ಎಡೆಯಿಲ್ಲ. ನಾಲ್ಕೈದು ಡಿಸ್ಕ್ರಿಪ್ಟರ್‌ಗಳ ಸಣ್ಣ ಪ್ರೋಗ್ರಾಮ್‌ಗೆ ಇಂದಿಗೂ ಅದೇ ಸರಳ ಆಯ್ಕೆ. ಸಂಪರ್ಕಗಳು ಸಾವಿರಗಟ್ಟಲೆ ಆದಾಗ ಕರ್ನಲ್‌ನ ನೆನಪು ಬೇಕೇ ಬೇಕು, ಆಗ ಆ ನೆನಪನ್ನು ಸರಿಯಾಗಿ ಅಳಿಸುವ ಶಿಸ್ತೂ ಬೇಕು. ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಕಲಿಸುವವರು ಈ ಕರೆಗಳನ್ನು ವೇಗದ ಕೋಷ್ಟಕವಾಗಿ ಒಪ್ಪಿಸದೆ, ಹೊಣೆ ಹಂಚಿಕೆಯ ಚರಿತ್ರೆಯಾಗಿ ಕಲಿಸಬೇಕು. ಯಾವ ಕರೆಯನ್ನು ಬಳಸಿದರೆ ಯಾವ ದೋಷಕ್ಕೆ ಕಾವಲಿರಬೇಕು ಎಂಬುದು ವಿದ್ಯಾರ್ಥಿಗೆ ಆಗ ತಾನಾಗಿಯೇ ತಿಳಿಯುತ್ತದೆ.