ಹಗುರಕ್ಕೂ ಭಾರಕ್ಕೂ ಡಿಕ್ಕಿಯಾದರೆ

ಎದುರುಬದುರಾಗಿ ಬಂದ ಲಾರಿಗೂ ಕಾರಿಗೂ ಡಿಕ್ಕಿಯಾಯಿತು ಎನ್ನಿ. ಹೆಚ್ಚು ಬಲ ಬಿದ್ದದ್ದು ಯಾವುದರ ಮೇಲೆ? ನಜ್ಜುಗುಜ್ಜಾದ ಕಾರನ್ನು ಕಂಡವರು ಅದರತ್ತಲೇ ಬೆರಳು ತೋರಿಸುತ್ತಾರೆ. ನಿಜವಾಗಿ ಎರಡರ ಮೇಲೂ ಬಿದ್ದ ಬಲ ಒಂದೇ. ನ್ಯೂಟನ್ನನ ಮೂರನೆಯ ನಿಯಮ ಚಿಕ್ಕದು, ದೊಡ್ಡದು ಎಂದು ಭೇದ ಮಾಡುವುದಿಲ್ಲ.

ಬಲ ಸಮ, ವೇಗದ ಬದಲಾವಣೆ ಬೇರೆ

ಲಾರಿಯ ರಾಶಿ 10,000 ಕಿಲೋಗ್ರಾಂ, ಕಾರಿನದು 1,000 ಎಂದಿಟ್ಟುಕೊಳ್ಳೋಣ. ಎರಡೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದು ಗುದ್ದಿ, ಒಂದಕ್ಕೊಂದು ಸಿಕ್ಕಿಕೊಂಡವು. ರಾಶಿಯನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗ, ದಿಕ್ಕನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಡಿಕ್ಕಿಯ ಮೊದಲು ಒಟ್ಟು ಎಷ್ಟಿತ್ತೋ ಆಮೇಲೂ ಅಷ್ಟೇ ಇರಬೇಕು. ಹಾಗಾಗಿ ಅವೆರಡೂ ಲಾರಿ ಬರುತ್ತಿದ್ದ ದಿಕ್ಕಿಗೇ ಗಂಟೆಗೆ ಸುಮಾರು 49 ಕಿ.ಮೀ. ವೇಗದಲ್ಲಿ ಸಾಗುತ್ತವೆ. ಲಾರಿ ಕಳೆದುಕೊಂಡದ್ದು 11 ಕಿ.ಮೀ. ವೇಗ ಮಾತ್ರ. ಕಾರು 60ರಿಂದ ನಿಂತು, ಅದೇ ಕ್ಷಣದಲ್ಲಿ ಹಿಮ್ಮುಖವಾಗಿ 49ಕ್ಕೆ ತಲುಪಿತು. ಒಟ್ಟು 109 ಕಿ.ಮೀ. ಬದಲಾವಣೆ. ರಾಶಿಯಲ್ಲಿ ಹತ್ತು ಪಟ್ಟು ಕಡಿಮೆ, ವೇಗದ ಬದಲಾವಣೆಯಲ್ಲಿ ಹತ್ತು ಪಟ್ಟು ಹೆಚ್ಚು. ಕಾರಿನೊಳಗಿನವರ ಜೀವಕ್ಕೆ ಕುತ್ತಾಗುವುದು ಈ ಬದಲಾವಣೆಯೇ. ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್ ಅದನ್ನು ಇಲ್ಲವಾಗಿಸಲಾರವು; ಒಂದಿಷ್ಟು ಹೆಚ್ಚು ಸಮಯದ ಮೇಲೆ ಹರಡಿ ದೇಹದ ಮೇಲಿನ ಬಲವನ್ನು ತಗ್ಗಿಸುತ್ತವೆ.

ದೇಕಾರ್ತ್ ಎಡವಿದ ಜಾಗ

ನಿಂತಿರುವ ದೊಡ್ಡ ವಸ್ತುವನ್ನು ಚಿಕ್ಕ ವಸ್ತು ಎಷ್ಟೇ ವೇಗವಾಗಿ ಬಂದು ಗುದ್ದಿದರೂ ಅಲುಗಿಸಲಾರದು ಎಂದು ಫ್ರಾನ್ಸಿನ ರೆನೆ ದೇಕಾರ್ತ್ 1644ರಲ್ಲಿ ಬರೆದ. ಸಂವೇಗಕ್ಕೆ ದಿಕ್ಕೂ ಇದೆ ಎಂಬುದು ಅವನ ಲೆಕ್ಕದಲ್ಲಿ ಸೇರಿರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1668ರಲ್ಲಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡಾಗ ಜಾನ್ ವಾಲಿಸ್, ಕ್ರಿಸ್ಟೋಫರ್ ರೆನ್ ಮತ್ತು ಹಾಲೆಂಡಿನ ಕ್ರಿಶ್ಚಿಯಾನ್ ಹೈಗೆನ್ಸ್ ಸರಿಯಾದ ನಿಯಮಗಳನ್ನು ಒಪ್ಪಿಸಿದರು. ಪುಟಿಯುವ ವಸ್ತುಗಳ ಡಿಕ್ಕಿಯಲ್ಲಿ ಸಂವೇಗದ ಜೊತೆಗೆ, ರಾಶಿಯನ್ನು ವೇಗದ ವರ್ಗದಿಂದ ಗುಣಿಸಿದ ಮೊತ್ತವೂ ಉಳಿಯುತ್ತದೆ ಎಂದು ಹೈಗೆನ್ಸ್ ತೋರಿಸಿದ. ಇಂದಿನ ಚಲನಶಕ್ತಿಯ ಕಲ್ಪನೆಗೆ ಅದೇ ಬೇರು.

ಸರಿಜೋಡಿಯಾದರೆ ಪೂರ್ತಿ ಶಕ್ತಿ ವರ್ಗಾವಣೆ

ಒಂದು ಕೇರಂ ಕಾಯಿ ಇನ್ನೊಂದಕ್ಕೆ ನೇರವಾಗಿ ತಾಗಿದರೆ ತಾಗಿದ್ದು ಹೆಚ್ಚುಕಡಿಮೆ ನಿಂತುಬಿಡುತ್ತದೆ, ತಾಗಿಸಿಕೊಂಡದ್ದು ಓಡುತ್ತದೆ. ರಾಶಿ ಸಮವಾಗಿದ್ದಾಗ ಚಲನಶಕ್ತಿ ಇಡಿಯಾಗಿ ಕೈ ಬದಲಾಯಿಸುತ್ತದೆ. ರಾಶಿಗಳ ಅಂತರ ಹೆಚ್ಚಿದಷ್ಟೂ, ಹೊಡೆದದ್ದು ಹಗುರವಿರಲಿ ಭಾರವಿರಲಿ, ದಾಟುವ ಪಾಲು ಕುಗ್ಗುತ್ತದೆ. ಭಾರವಾದದ್ದು ಹೊಡೆದರೆ ಅದರ ಶಕ್ತಿಯ ಹೆಚ್ಚು ಪಾಲು ದಾಟೀತು ಎಂಬ ನಮ್ಮ ಅಂದಾಜು ಇಲ್ಲಿ ಸುಳ್ಳಾಗುತ್ತದೆ. ಡಿಕ್ಕಿಯ ಭೌತಶಾಸ್ತ್ರದಲ್ಲಿ ನನಗೆ ಎಲ್ಲಕ್ಕಿಂತ ಸುಂದರವಾಗಿ ಕಾಣುವುದು ಈ ಮಾತು. ಪರಮಾಣುವಿನ ಒಳಗಿನ ಒಂದು ಕಣ ಪತ್ತೆಯಾದದ್ದೂ ಡಿಕ್ಕಿಯ ಇಂಥ ಲೆಕ್ಕದ ನೆರವಿನಿಂದಲೇ.

ಕಾಣದ ಕಣದ ತೂಕ

ಬೆರಿಲಿಯಂ ಮೇಲೆ ಆಲ್ಫಾ ಕಣಗಳು ಬಿದ್ದಾಗ ವಿದ್ಯುದಾವೇಶವಿಲ್ಲದ ಒಂದು ವಿಕಿರಣ ಹೊಮ್ಮುತ್ತಿತ್ತು. ಅದು ಪ್ಯಾರಾಫಿನ್ ಮೇಣದಿಂದ ಪ್ರೋಟಾನುಗಳನ್ನು ಚಿಮ್ಮಿಸುತ್ತದೆ ಎಂದು 1932ರ ಜನವರಿಯಲ್ಲಿ ಪ್ಯಾರಿಸಿನ ಇರೀನ್ ಕ್ಯೂರಿ ಮತ್ತು ಫ್ರೆಡರಿಕ್ ಜೋಲಿಯೊ ವರದಿ ಮಾಡಿದರು. ಅದನ್ನು ಅವರು ಗಾಮಾ ಕಿರಣವೆಂದು ಭಾವಿಸಿದ್ದರು. ಕೇಂಬ್ರಿಡ್ಜಿನ ಜೇಮ್ಸ್ ಚಾಡ್ವಿಕ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ವಿಕಿರಣವನ್ನು ಅವರು ಹೈಡ್ರೋಜನ್ ಮೇಲೂ ನೈಟ್ರೋಜನ್ ಮೇಲೂ ಹಾಯಿಸಿ, ಚಿಮ್ಮಿದ ನ್ಯೂಕ್ಲಿಯಸ್ಸುಗಳ ವೇಗ ಹೋಲಿಸಿದರು. ಹೈಡ್ರೋಜನ್ನಿನದು ಸುಮಾರು ಏಳು ಪಟ್ಟು ಹೆಚ್ಚಿತ್ತು. ನೈಟ್ರೋಜನ್ನಿನ ರಾಶಿ 14, ಹೈಡ್ರೋಜನ್ನಿನದು 1. ಗುದ್ದಿದ ಕಣದ ರಾಶಿ 1ರ ಆಸುಪಾಸಿನಲ್ಲಿದ್ದರೆ ಮಾತ್ರ ಈ ಅನುಪಾತ ಬರುತ್ತದೆ. ಗುದ್ದಿಸಿಕೊಂಡವುಗಳನ್ನು ಅಳೆದೇ ಗುದ್ದಿದ ಕಣವನ್ನು ಅವರು ತೂಗಿದ್ದರು! ಆ ಕಣವೇ ನ್ಯೂಟ್ರಾನ್. 1935ರ ನೊಬೆಲ್ ಪ್ರಶಸ್ತಿ ಚಾಡ್ವಿಕ್‌ಗೆ ಸಂದಿತು.

ಕೈಗಾದ ಭಾರಜಲ

ಯುರೇನಿಯಂ ಸೀಳಿದಾಗ ಹೊರಬರುವ ನ್ಯೂಟ್ರಾನುಗಳು ಅತಿ ವೇಗದವು. ಹೆಚ್ಚಿನ ರಿಯಾಕ್ಟರುಗಳಲ್ಲಿ ಸರಪಳಿ ಕ್ರಿಯೆ ಮುಂದುವರಿಯಲು ಅವುಗಳ ವೇಗ ತಗ್ಗಬೇಕು. ಭಾರವಾದ ಯುರೇನಿಯಂಗೇ ಗುದ್ದಿ ಪುಟಿದರೆ ನ್ಯೂಟ್ರಾನ್ ಕಳೆದುಕೊಳ್ಳುವುದು ಶೇ 2ಕ್ಕಿಂತ ಕಡಿಮೆ ಶಕ್ತಿಯನ್ನು. ಹೈಡ್ರೋಜನ್ ಅದರ ಸರಿಜೋಡಿ. ಸರಾಸರಿ 18 ಡಿಕ್ಕಿಗಳಲ್ಲಿ ಅದನ್ನು ಸಾಕಷ್ಟು ನಿಧಾನಗೊಳಿಸುತ್ತದೆ. ಆದರೆ ಹೈಡ್ರೋಜನ್ ನ್ಯೂಟ್ರಾನುಗಳನ್ನು ನುಂಗಿಯೂ ಬಿಡುತ್ತದೆ. ಹಾಗಾಗಿ ಸಾಮಾನ್ಯ ನೀರು ಬಳಸಿದರೆ ಸಂವರ್ಧಿಸದ ಯುರೇನಿಯಂನಿಂದ ರಿಯಾಕ್ಟರ್ ನಡೆಯದು. ಹೈಡ್ರೋಜನ್ನಿನದೇ ಇನ್ನೊಂದು ರೂಪವಾದ, ಎರಡು ಪಟ್ಟು ರಾಶಿಯ ಡ್ಯೂಟೀರಿಯಂಗೆ ಸುಮಾರು 25 ಡಿಕ್ಕಿಗಳು ಬೇಕಾದರೂ ಅದು ನುಂಗುವುದು ತೀರಾ ಕಡಿಮೆ. ಉತ್ತರ ಕನ್ನಡದ ಕೈಗಾ ಪರಮಾಣು ವಿದ್ಯುತ್ ಸ್ಥಾವರದ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಡ್ಯೂಟೀರಿಯಂ ಇರುವ ನೀರಾದ ಭಾರಜಲವನ್ನು ಬಳಸುವುದಕ್ಕೆ ಇದೇ ಕಾರಣ.

580 ಕಿಲೋ, ನಾನೂರು ಕೋಟಿ ಕಿಲೋ

ರಾಶಿಗಳ ಅಂತರ ವಿಪರೀತವಾದಾಗ ಏನಾಗುತ್ತದೆ ಎಂಬುದಕ್ಕೆ ಮನುಷ್ಯರೇ ಒಂದು ಪ್ರಯೋಗ ಮಾಡಿದ್ದಾರೆ. ಭಾರತೀಯ ಕಾಲಮಾನದಂತೆ 2022ರ ಸೆಪ್ಟೆಂಬರ್ 27ರ ಬೆಳಗಿನ ಜಾವ, ನಾಸಾದ ಸುಮಾರು 580 ಕಿಲೋಗ್ರಾಂ ತೂಕದ ಡಾರ್ಟ್ ನೌಕೆ ಸೆಕೆಂಡಿಗೆ 6 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಹೋಗಿ ಬಡಿಯಿತು. ಡೈಮಾರ್ಫಸ್‌ನ ರಾಶಿಯ ಅಂದಾಜು ನಾನೂರು ಕೋಟಿ ಕಿಲೋಗಿಂತಲೂ ಹೆಚ್ಚು. ನೌಕೆಯ ಸಂವೇಗವಷ್ಟೇ ಸೇರಿದ್ದರೆ ಅದರ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟೂ ಬದಲಾಗುತ್ತಿರಲಿಲ್ಲ. ಬದಲಾದದ್ದು ಸುಮಾರು 2.7 ಮಿಲಿಮೀಟರ್. ಹೆಚ್ಚುವರಿ ತಳ್ಳಿಕೆ ಬಂದದ್ದು ಪೆಟ್ಟಿಗೆ ಎದ್ದು ಹಿಮ್ಮುಖವಾಗಿ ಹಾರಿದ ಕಲ್ಲು, ಧೂಳುಗಳಿಂದ. ಡಿಡಿಮಾಸ್ ಎಂಬ ದೊಡ್ಡ ಸಂಗಾತಿಯನ್ನು ಅದು ಸುತ್ತುವ 11 ಗಂಟೆ 55 ನಿಮಿಷಗಳ ಅವಧಿ ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು.

ಡೈಮಾರ್ಫಸ್‌ನ ರಾಶಿಯನ್ನು ಯಾರೂ ಹತ್ತಿರ ಹೋಗಿ ಅಳೆದಿರಲಿಲ್ಲ. ಆ ಕೆಲಸಕ್ಕೆಂದೇ ಯುರೋಪಿನ ಹೆರಾ ನೌಕೆ 2024ರ ಅಕ್ಟೋಬರಿನಲ್ಲಿ ಹೊರಟಿತು. ಅದು ತರುವ ಅಂಕಿಯಿಂದಲೇ ಆ ಡಿಕ್ಕಿಯ ಸಂವೇಗದ ಲೆಕ್ಕ ನಿಖರವಾಗಬೇಕು.