ಕಕ್ಕಡದ ಮದ್ದು, ಕಾಫಿ ತೋಟದ ಕ್ವಿನೈನ್

ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಆಸುಪಾಸಿನಲ್ಲಿ, ಕೊಡಗಿನ ಅಡುಗೆಮನೆಗಳಲ್ಲಿ ಒಂದು ಗಿಡದ ಪರಿಮಳ ತುಂಬಿರುತ್ತದೆ. ಕೊಡವರು ಅದನ್ನು ಮದ್ದ್ ತೊಪ್ಪ್ ಎನ್ನುತ್ತಾರೆ, ಅರೆಭಾಷೆ ಗೌಡರು ಆಟಿ ಸೊಪ್ಪು ಎನ್ನುತ್ತಾರೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಅದು ಜಸ್ಟೀಸಿಯ ವೈನಾಡೆನ್ಸಿಸ್. ಸೊಪ್ಪನ್ನು ಕಾಂಡದ ಸಮೇತ ಕುದಿಸಿ ಸೋಸಿದರೆ ಕಡುನೇರಳೆ ರಸ ಇಳಿಯುತ್ತದೆ. ಆ ರಸದಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಹಾಲು ಹಾಕಿದರೆ ಪಾಯಸ. ಗಟ್ಟಿಯಾಗಿ ಮಾಡಿದರೆ ಮದ್ದ್ ಪುಟ್ಟ್, ಜೊತೆಗೆ ತುಪ್ಪ ಅಥವಾ ಜೇನು. ಉಂಡ ಕೆಲವು ಗಂಟೆಗಳಲ್ಲಿ ಮೂತ್ರ ಕೆಂಪಾಗುತ್ತದೆ. ಗೊತ್ತಿಲ್ಲದವರು ಗಾಬರಿಪಡುತ್ತಾರೆ, ಗೊತ್ತಿದ್ದವರು ಮದ್ದು ಮೈಗೆ ಹಿಡಿಯಿತು ಎಂದು ಸಮಾಧಾನಪಡುತ್ತಾರೆ.

ಔಷಧಶಾಸ್ತ್ರದ ತರಗತಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಮೊದಲು ಕಲಿಯುವ ನಾಲ್ಕು ಹಂತಗಳಲ್ಲಿ ಕೊನೆಯದು ಈ ಕೆಂಪಿನಲ್ಲಿ ಕಣ್ಣಿಗೇ ಬೀಳುತ್ತದೆ. ಬಾಯಿಂದ ಒಳಹೋದದ್ದು ಕರುಳಿನಲ್ಲಿ ಹೀರಲ್ಪಡುತ್ತದೆ, ರಕ್ತದೊಡನೆ ಮೈಯೆಲ್ಲ ಹರಡುತ್ತದೆ, ಯಕೃತ್ತಿನಲ್ಲಿ ರೂಪ ಬದಲಿಸುತ್ತದೆ, ಮೂತ್ರಪಿಂಡ ಅಥವಾ ಬೇರೆ ದಾರಿಯಿಂದ ಹೊರಬೀಳುತ್ತದೆ. ಔಷಧದ ಮೇಲೆ ದೇಹ ನಡೆಸುವ ಈ ಕೆಲಸಕ್ಕೆ ಫಾರ್ಮಕೊಕೈನೆಟಿಕ್ಸ್ ಎಂದು ಹೆಸರು. ದೇಹದ ಮೇಲೆ ಔಷಧ ನಡೆಸುವ ಕೆಲಸ ಫಾರ್ಮಕೊಡೈನಮಿಕ್ಸ್. ಸೊಪ್ಪಿನ ಬಣ್ಣ ಮೂತ್ರದಲ್ಲಿ ಕಂಡಿತೆಂದರೆ ಅದು ದೇಹವನ್ನು ಹಾದು ಹೊರಬಂದಿದೆ ಎಂಬುದಷ್ಟೇ ಖಚಿತ. ಒಳಗೆ ಏನು ಗುಣ ಮಾಡಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕು. ಕೊಡಗಿನ ಔಷಧಚರಿತ್ರೆಯನ್ನು ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲಿಟ್ಟು ಓದಬಹುದು.

ಕಕ್ಕಡ ಒಂದರಿಂದ ದಿನಕ್ಕೊಂದರಂತೆ ಗಿಡಕ್ಕೆ ಔಷಧ ಸೇರುತ್ತ ಹೋಗಿ, ಹದಿನೆಂಟರಂದು ಹದಿನೆಂಟು ಔಷಧಗಳು ಕೂಡಿರುತ್ತವೆ, ಆಮೇಲೆ ಅವು ಇಳಿಯುತ್ತವೆ ಎಂಬುದು ನಂಬಿಕೆ. ದಿನ ಎಣಿಸಿದ ಈ ಲೆಕ್ಕ ಆಚರಣೆಯದು. ಅದರ ಹಿಂದಿರುವ ಗಮನಿಕೆ ಮಾತ್ರ ಹುರುಳುಳ್ಳದ್ದು: ಗಿಡದ ರಾಸಾಯನಿಕಗಳು ಋತು, ಮಣ್ಣು, ಬೆಳವಣಿಗೆಯ ಹಂತಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತವೆ. ಜಡಿಮಳೆಯಲ್ಲಿ ಮೊಣಕಾಲುದ್ದದ ಕೆಸರಿಗಿಳಿದು ನಾಟಿ ಮಾಡುವ ಜನ ಬೆಚ್ಚನೆಯ ಆಹಾರವನ್ನು ಔಷಧವೆಂದು ಉಂಡದ್ದರಲ್ಲಿ ಅನುಭವದ ತಿಳಿವಳಿಕೆಯಿದೆ. ಪ್ರಯೋಗಾಲಯಗಳಲ್ಲಿ ಈ ಸೊಪ್ಪಿನ ಸಾರಕ್ಕೆ ಆಂಟಿಆಕ್ಸಿಡೆಂಟ್ ಗುಣವಿರುವುದು ಕಂಡುಬಂದಿದೆ. ಪರೀಕ್ಷಾನಳಿಕೆಯಲ್ಲಿ ಕಂಡ ಗುಣ ಮನುಷ್ಯರ ಮೈಯಲ್ಲೂ ಅದೇ ಪ್ರಮಾಣದಲ್ಲಿ ಫಲ ಕೊಡುತ್ತದೆ ಎಂದು ಅದರಿಂದ ಹೇಳಲಾಗದು.

ಘಟ್ಟ ಇಳಿದರೆ ಸುಳ್ಯ, ಪುತ್ತೂರು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸುವವರೆಗೆ ಈ ಸೀಮೆಗಳೂ ಕೊಡಗಿನ ಅರಸರ ಕೈಯಲ್ಲಿದ್ದವು. ಅಲ್ಲಿ ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಪಾಲೆ ಮರದ, ಎಂದರೆ ಹಾಲೆ ಮರದ, ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ. ಬ್ರಿಟಿಷ್ ವೈದ್ಯರೂ ಇದೇ ತೊಗಟೆಯನ್ನು ಜ್ವರಕ್ಕೆ ಬಳಸಿದ್ದರು. 1868ರ ಫಾರ್ಮಕೊಪಿಯ ಆಫ್ ಇಂಡಿಯಾದಲ್ಲಿ ಅದಕ್ಕೆ ಜಾಗವಿದೆ. ಆದರೆ ನಸುಗತ್ತಲಲ್ಲಿ ಪಾಲೆಯ ಬದಲು ಕಾಸರಕದ ತೊಗಟೆ ಕೈಗೆ ಬಂದರೆ ಪ್ರಾಣಕ್ಕೇ ಕುತ್ತು, ಏಕೆಂದರೆ ಅದರಲ್ಲಿ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ವಿಷಗಳಿವೆ. ಮರ ಬಲ್ಲವರೇ ತೊಗಟೆ ತರಬೇಕೆಂಬ ಹಿರಿಯರ ಕಟ್ಟಳೆ ಹುಟ್ಟಿದ್ದು ಈ ಭಯದಿಂದ. ಎಳೆಬಿದಿರಿನ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಸಿಟ್ಟ ನಂತರವೇ ಅಡುಗೆ ಮಾಡುವ ರೂಢಿಯೂ ಅಂಥದ್ದೇ: ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ.

ಇಷ್ಟು ತಿಳಿದಿದ್ದ ನಾಡನ್ನೂ ಒಂದು ಕಾಯಿಲೆ ಬಗ್ಗಿಸಿಬಿಟ್ಟಿತು.

1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ಮಾಡಿದ. ಅವನ ಹಿಂದೆಯೇ ಇತರರು ಬಂದರು, ಕಾಡು ಕಡಿದು ತೋಟಗಳೆದ್ದವು, ಮೈಸೂರು ಸೀಮೆಯಿಂದ, ಮಲಬಾರಿನಿಂದ ಕೂಲಿಯಾಳುಗಳು ಬಂದರು. ಮಲೆನಾಡಿನ ಮಲೇರಿಯ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಹುಲ್ಲಂಚಿನ ತಿಳಿನೀರಿನ ತೊರೆಗಳು ಅದರ ತವರು. ಮುಂಗಾರಿನ ರಭಸಕ್ಕೆ ಮರಿಗಳು ಕೊಚ್ಚಿಹೋಗುತ್ತವೆ. ತೊರೆ ಸಣ್ಣಗೆ ಹರಿಯುವ ದಿನಗಳಲ್ಲಿ ಹುಲುಸಾಗಿ ಬೆಳೆಯುತ್ತವೆ. ಜ್ವರ ಕಂಡರಿಯದ ಬಯಲುಸೀಮೆಯಿಂದ ಬಂದವರು ನಡುಗಿ ಮಲಗಿದರು.

ಜನಗಣತಿ ನೋಡಿದರೆ ಹೊಡೆತದ ಅಂದಾಜು ಸಿಗುತ್ತದೆ. 1901ರಲ್ಲಿ ಕೊಡಗಿನ ಜನಸಂಖ್ಯೆ 1,80,607. ನಲವತ್ತು ವರ್ಷ ಕಳೆದು 1941ರಲ್ಲಿ ಅದು 1,68,726ಕ್ಕೆ ಇಳಿದಿತ್ತು. ತೋಟದ ಕೂಲಿಗಳ ಹೋಗುಬರುವಿಕೆ, 1918ರ ಇನ್‌ಫ್ಲುಯೆಂಜಾ ಇವೂ ಇದಕ್ಕೆ ಕಾರಣ. ಮಲೇರಿಯವನ್ನು ಮಾತ್ರ ಲೆಕ್ಕದಿಂದ ತೆಗೆಯುವ ಹಾಗಿಲ್ಲ. 1951ರ ಹೊತ್ತಿಗೆ ಸಂಖ್ಯೆ 2,29,405ಕ್ಕೆ ಏರಿತು.

ಈ ಜ್ವರಕ್ಕೆ ಬಂದ ಔಷಧ ಕ್ವಿನೈನ್. ಅದೂ ಮರದ ತೊಗಟೆಯದೇ, ದಕ್ಷಿಣ ಅಮೆರಿಕದ ಸಿಂಕೋನಾದ್ದು. 1820ರಲ್ಲಿ ಪ್ಯಾರಿಸ್ಸಿನ ಪೆಲೆಟಿಯೆ ಮತ್ತು ಕವಾಂಟು ಆ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. ತೊಗಟೆಯ ಪುಡಿಯಲ್ಲಿ ಮದ್ದೆಷ್ಟು ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬೇರ್ಪಡಿಸಿದ ಕ್ವಿನೈನನ್ನು ತಕ್ಕಡಿಯಲ್ಲಿ ತೂಗಬಹುದಿತ್ತು. ಡೋಸ್ ಎಂಬ ಕಲ್ಪನೆಗೆ ಗಟ್ಟಿ ನೆಲ ಸಿಕ್ಕಿದ್ದು ಇಲ್ಲಿ. 1860ರ ದಶಕದ ಆರಂಭದಲ್ಲಿ ಕ್ಲೆಮೆಂಟ್ಸ್ ಮಾರ್ಕಮ್‌ನ ಪ್ರಯತ್ನದಿಂದ ಸಿಂಕೋನಾ ಸಸಿಗಳು ಕೊಡಗಿನ ನೆರೆಯ ನೀಲಗಿರಿಗೆ ಬಂದವು. 1866ರಿಂದ 1868ರವರೆಗೆ ಮದ್ರಾಸ್ ಸಿಂಕೋನಾ ಆಯೋಗ ಆ ತೊಗಟೆಯ ನಾಲ್ಕು ಆಲ್ಕಲಾಯ್ಡ್‌ಗಳನ್ನು ಸುಮಾರು 3,600 ರೋಗಿಗಳಿಗೆ ಕೊಟ್ಟು, ಜ್ವರ ನಿಂತಿತೇ ಎಂದು ಗುರುತು ಹಾಕಿಕೊಂಡಿತು. ನಾಲ್ಕೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಮದ್ದು ಮೈ ಹಾದುಹೋಯಿತೇ ಎಂಬಲ್ಲಿಗೆ ನಿಲ್ಲದೆ ಮೈಯಲ್ಲಿ ಏನು ಮಾಡಿತು ಎಂದು ಲೆಕ್ಕವಿಟ್ಟು ಕೇಳಿದ, ದಕ್ಷಿಣ ಭಾರತದ ಆರಂಭದ ದೊಡ್ಡ ಪರೀಕ್ಷೆಗಳಲ್ಲಿ ಇದೂ ಒಂದು.

ಕ್ವಿನೈನಿನ ಗುಣ ತಿಳಿದವರಿಗೆ ಅದರ ಅಪಾಯವೂ ಬೇಗ ತಿಳಿಯಿತು. ಅಳತೆ ಮೀರಿದರೆ, ಕೆಲವರಿಗೆ ಸರಿಯಾದ ಅಳತೆಯಲ್ಲೂ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ತಲೆಸುತ್ತು, ವಾಕರಿಕೆ ಬರುತ್ತವೆ. ಆರೋಗ್ಯವಂತರ ರಕ್ತದಲ್ಲಿ ಕ್ವಿನೈನ್ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಸಾಕು. ಮಲೇರಿಯ ಬಂದವರಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ. ಎಂಟು ಗಂಟೆಗೊಮ್ಮೆ ಎಂದು ಬರೆದ ಔಷಧವನ್ನು ನಾಲ್ಕು ಗಂಟೆಗೆ ಕೊಟ್ಟರೆ ಹಿಂದಿನದರ ಮೇಲೆ ಮುಂದಿನದು ಕೂಡುತ್ತ ಹೋಗುತ್ತದೆ. ರಕ್ತನಾಳಕ್ಕೆ ಕೊಡುವಾಗ ಗಂಟೆಗಟ್ಟಲೆ ನಿಧಾನವಾಗಿ ಹರಿಸಬೇಕು, ಅವಸರದಲ್ಲಿ ಚುಚ್ಚಿದರೆ ರಕ್ತದೊತ್ತಡ ಕುಸಿದು ಹೃದಯದ ಲಯ ಕೆಡಬಹುದು. ಕ್ವಿನೈನ್ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವುದರಿಂದ ಗರ್ಭಿಣಿಯರಲ್ಲಿ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯುವುದುಂಟು. ಮಂಪರಿನಲ್ಲಿರುವ ರೋಗಿಗೆ ಜ್ವರ ತಲೆಗೇರಿದೆಯೋ ಸಕ್ಕರೆ ಇಳಿದಿದೆಯೋ ಎಂಬುದನ್ನು ಪರೀಕ್ಷಿಸದೆ ಹೇಳಲಾಗದು.

ಕ್ವಿನೈನ್ ಕಾಲದಲ್ಲಿ ವೈದ್ಯರು ಎಲ್ಲಕ್ಕಿಂತ ಹೆದರಿದ್ದು ಬ್ಲ್ಯಾಕ್‌ವಾಟರ್ ಫೀವರಿಗೆ. ಫಾಲ್ಸಿಪೇರಂ ಮಲೇರಿಯ ಪದೇಪದೇ ಬಂದು, ಕ್ವಿನೈನನ್ನು ಆಗಾಗ ತೆಗೆದುಕೊಂಡು ಆಗಾಗ ಬಿಟ್ಟವರಲ್ಲಿ ಕೆಂಪು ರಕ್ತಕಣಗಳು ಒಡೆದು ಮೂತ್ರ ಕಪ್ಪುಗೆಂಪಾಗುತ್ತಿತ್ತು. ಎಷ್ಟೋ ಮಂದಿ ಮೂತ್ರಪಿಂಡ ಕೈಕೊಟ್ಟು ಸತ್ತರು. ಪಾಯಸ ಉಂಡವರ ಮೂತ್ರದಲ್ಲಿ ಹಾಯ್ದು ಹೋದ ಸೊಪ್ಪಿನ ಬಣ್ಣ. ಇಲ್ಲಿ ಒಡೆದ ರಕ್ತದ ಬಣ್ಣ. ಬರಿಗಣ್ಣಿಗೆ ಎರಡೂ ಕೆಂಪೇ. ರೋಗಿ ಏನು ತಿಂದರು, ಯಾವ ಔಷಧ ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳಿ ತಿಳಿದಾಗಲೇ ವ್ಯತ್ಯಾಸ ಸಿಗುವುದು.

1942ರಲ್ಲಿ ಜಪಾನ್ ಜಾವಾವನ್ನು ಹಿಡಿದಾಗ ಜಗತ್ತಿನ ಕ್ವಿನೈನ್ ಪೂರೈಕೆಯ ಬಹುಪಾಲು ನಿಂತುಹೋಯಿತು. ಬದಲಿಗೆ ಬಂದ ಮೆಪಾಕ್ರಿನ್ ಸೈನಿಕರ ಚರ್ಮವನ್ನೇ ಹಳದಿ ಮಾಡಿತು, ಯುದ್ಧದ ನಂತರ ಕ್ಲೋರೋಕ್ವಿನ್ ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆಯ ಗೋಡೆಗಳಿಗೆ ಡಿಡಿಟಿ ಹೊಡೆಯಲಾಯಿತು. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವುದನ್ನು ತೋಟದ ಮಾಲೀಕರ ಹೊಣೆಯಾಗಿಸಿತು. ವೈವಾಕ್ಸ್ ಮಲೇರಿಯ ಮರುಕಳಿಸದಂತೆ ಇಂದು 14 ದಿನ ಕೊಡುವ ಪ್ರಿಮಾಕ್ವಿನ್ ವಿಷಯದಲ್ಲೂ ಹಳೆಯ ಎಚ್ಚರ ಮುಂದುವರಿದಿದೆ: ಜಿ6ಪಿಡಿ ಕಿಣ್ವದ ಕೊರತೆ ಇರುವವರಲ್ಲಿ ಅದು ರಕ್ತಕಣ ಒಡೆಯುತ್ತದೆ. ಮೊದಲ ಸುಳಿವು ಮತ್ತೆ ಮೂತ್ರದ ಕಪ್ಪುಬಣ್ಣವೇ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಮೂತ್ರವನ್ನು ಕಿತ್ತಳೆಗೆಂಪು ಮಾಡುತ್ತದೆ, ಆದರೆ ಅದರಿಂದ ಕೆಡುಕಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಹೆದರಿದ ರೋಗಿ ಮಾತ್ರೆಯನ್ನೇ ಬಿಟ್ಟುಬಿಡಬಹುದು.

ಇದನ್ನು ಹೇಳುವವರು, ನೋಡುವವರು ಹೆಚ್ಚಾಗಿ ದಾದಿಯರು. ವೈದ್ಯರು ಬರೆದ ಔಷಧ ರೋಗಿಯ ಬಾಯಿಗೋ ರಕ್ತನಾಳಕ್ಕೋ ಸೇರುವ ಮುನ್ನ ಕೊನೆಯದಾಗಿ ಹಾದುಹೋಗುವುದು ಅವರ ಕೈಯನ್ನೇ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂದು ತರಗತಿಯಲ್ಲಿ ಬಾಯಿಪಾಠ ಮಾಡುವ ಐದು ಮಾತುಗಳ ಹಿಂದೆ ಇಷ್ಟೆಲ್ಲ ಜನರ ಪ್ರಾಣ ಇದೆ. ಕಾಸರಕದ ತೊಗಟೆ ಎರಡನೆಯದನ್ನು ಕಲಿಸಿತು, ತೂಗಿದ ಕ್ವಿನೈನ್ ಮೂರನೆಯದನ್ನು, ಅವಸರದ ಚುಚ್ಚುಮದ್ದು ನಾಲ್ಕನೆಯದನ್ನು.

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ, ಜಿಲ್ಲಾ ಆಸ್ಪತ್ರೆಯೇ ಅದರ ಬೋಧನಾ ಆಸ್ಪತ್ರೆ. ಇಂಥ ವಾರ್ಡುಗಳಲ್ಲಿ ಕಲಿಯುವ ಹುಡುಗಿಯರು, ಹುಡುಗರು ರೋಗಿಯ ಔಷಧಪಟ್ಟಿಯನ್ನು ಬರೆದುಕೊಳ್ಳುವಾಗ ಮನೆಯ ಕಷಾಯ, ಸೊಪ್ಪು, ನಾಟಿ ಮದ್ದುಗಳನ್ನೂ ಕೇಳಿ ಸೇರಿಸಬೇಕು. ಗದರಿಸಿದರೆ ರೋಗಿ ಮುಚ್ಚಿಡುತ್ತಾರೆ; ಗೌರವದಿಂದ ಕೇಳಿದರೆ ಹೇಳುತ್ತಾರೆ. ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ 2010ರಲ್ಲಿ ಶುರುವಾದ ಮೇಲೆ ಔಷಧದ ಅಡ್ಡಪರಿಣಾಮ ಕಂಡ ದಾದಿಯರೇ ನೇರವಾಗಿ ವರದಿ ಮಾಡಲು ಅವಕಾಶವಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೊಪಿಯ ಆಯೋಗ ಈ ವರದಿಗಳನ್ನು ಒಟ್ಟುಗೂಡಿಸುತ್ತದೆ. ಅದರ ನಮೂನೆಯಲ್ಲಿ ಯಾವ ಔಷಧ, ಎಷ್ಟು, ಯಾವ ಮಾರ್ಗದಲ್ಲಿ, ಎಂದಿನಿಂದ ಎಂದಿನವರೆಗೆ ಎಂಬುದರ ಜೊತೆಗೆ, ಅದೇ ಸಮಯದಲ್ಲಿ ತೆಗೆದುಕೊಂಡ ಗಿಡಮೂಲಿಕೆಗಳನ್ನು ಬರೆಯಲೂ ಜಾಗವಿದೆ.